ಗಾಳಿಯ ಮರೆ

ನಮ್ಮ ಅಣ್ಣನಿಗೆ ಚಿಕ್ಕಂದಿನಿಂದಲೂ ಎದೆ ಸೂಕ್ಷ್ಮ. ತಂಗಾಳಿ ಬಡಿದರೆ ಸಾಕು, ವಾರಗಟ್ಟಲೆ ಕೆಮ್ಮುತ್ತಿದ್ದ. ಗಡಹಿಂಗ್ಲಜದ ಹೊರಗೆ ನಮ್ಮ ಹೊಲ. ಕಣದಲ್ಲಿ ಅವ್ವ ಜೋಳ ತೂರುವಾಗ ಅವನನ್ನು ಒಡ್ಡಿನ ಹಿಂದೆ ಕಳಿಸುತ್ತಿದ್ದಳು. "ಗಾಳಿಗೆ ಮೈ ಕೊಡಬ್ಯಾಡ, ಮರೆಗೆ ಕುಂದರು" ಎಂಬುದು ಅವಳು ದಿನಾ ಹೇಳುವ ಮಾತು. ಸಂಜೆ ಅವನು ತಲೆ ತುಂಬ ಹೊಟ್ಟು ಮೆತ್ತಿಕೊಂಡು ಏಳುತ್ತಿದ್ದ. ಅವ್ವ ನಗುತ್ತ ಸೆರಗಿನಿಂದ ಕೊಡವುತ್ತಿದ್ದಳು.

ಯುದ್ಧದ ಕಾಲದಲ್ಲಿ ಅವನು ಪಲ್ಟನ್ ಸೇರಿದ. ಎದೆಯ ಅಗಲ ಅಳೆದವರು ಒಳಗಿನ ಕೆಮ್ಮನ್ನು ಅಳೆಯಲಿಲ್ಲ. ಕಾಶ್ಮೀರದ ಬೆಟ್ಟಗಳಲ್ಲಿ ಅವನಿಗೆ ಸ್ಕೀ ಕಲಿಸಿದರಂತೆ. ರಜೆಗೆ ಬಂದಾಗ ಕಾಲಿಗೆರಡು ಬಿದಿರಿನ ಸೀಳು ಕಟ್ಟಿಕೊಂಡು, ಹೀಗೆ ಹಿಮದ ಮೇಲೆ ಜಾರುವುದು ಎಂದು ಬಣವೆಯಿಂದ ಜಾರಿ ತೋರಿಸಿ, ಕುಂಡಿ ಊರಿ ಬಿದ್ದ.

"ಜಾರಿ ಬೀಳಾಕ ಅಷ್ಟು ದೂರ ಹೋಗಬೇಕಿತ್ತೇನೋ? ನಮ್ಮ ಕೆರಿ ದಂಡಿ ಸಾಲತಿರಲಿಲ್ಲೇನ?" ಎಂದಳು ಅವ್ವ. ಹೊರಡುವ ದಿನ ಕೊಲ್ಹಾಪುರದ ಮೋಟಾರು ಹತ್ತಿಸುವಾಗ ಮಾತ್ರ ನಗಲಿಲ್ಲ. "ಅಲ್ಲಿ ಗಾಳಿ ಭಾಳ ಅಂತೀ. ಮರೆಗೆ ಇರಪಾ."

ಮುಂದಿನ ಚಳಿಗಾಲ ಅವನ ಸಾವಿನ ತಾರು ಬಂತು. ಅವನು ಸತ್ತದ್ದು ಹೇಗೆಂದು ತಿಳಿದದ್ದು ಬೇಸಿಗೆಯಲ್ಲಿ, ಅವನ ಜೊತೆಗಿದ್ದ, ಪಕ್ಕದ ನೂಲ ಊರಿನ ಸಿಪಾಯಿ ಮನೆಗೆ ಬಂದಾಗ.

"ಗಾಳಿ ಬಿಟ್ಟಿರಲಿಲ್ರಿ ಅವ್ವಾರ. ಗುಡ್ಡದ ನೆತ್ತಿ ಮ್ಯಾಲೆ ನಿಂದ್ರಾಕ ಆಗವಲ್ದು. ಇಳಿಯಾಕ ಎರಡೂ ಕಡೆ ದಾರಿ ಇತ್ತು. ಇವ, 'ನಮ್ಮವ್ವ ಹೇಳ್ಯಾಳ, ಗಾಳಿ ಮರೆಗೆ ಹೋಗಬೇಕು' ಅಂದು ನಕ್ಕೋತ ಮರೆ ಕಡೆ ಇಳದ. ಕಡೀತನಕ ನಿಮ್ಮನ್ನ ನೆನಸಿದ್ನರಿ."

"ಆಮ್ಯಾಲೆ?" ಎಂದಳು ಅವ್ವ.

"ಗಾಳಿ ಆಚಿ ಕಡೆ ಹಿಮಾ ಎಲ್ಲಾ ಹೊತ್ತು ತಂದು ಈ ಮರೆಗೆ ಪೇರಿಸಿತ್ರಿ. ಮ್ಯಾಲೆ ಗಟ್ಟಿ ಕಾಣತಿತ್ತು, ಬುಡಕ ಹಿಡತ ಇರಲಿಲ್ಲ. ಇವನ ಕಾಲಾಗಿನ ಸ್ಕೀ ಹಲಗಿ ತಾಗಿದ ಕೂಡ್ಲೆ ಕಟಕ ರೊಟ್ಟಿ ಮುರದಂಗ ಮುರದು, ಇಡೀ ಇಳಕಲಿನ ಹಿಮಾನ ಜಾರಿ ಇವನ ಮ್ಯಾಲೆ ಬಂತು."

ಪಾಪ, ಸಮಾಧಾನ ಹೇಳಲೆಂದೇ ಆ ಸಿಪಾಯಿ ಅಣ್ಣನ ಆ ಕಡೆಯ ಮಾತು ಅಷ್ಟು ದೂರದಿಂದ ಹೊತ್ತು ತಂದಿದ್ದ. ಅವನನ್ನು ಬೈಯಲು ನನಗೆ ಬಾಯಿಲ್ಲ, ಕ್ಷಮಿಸಲೂ ಇವತ್ತಿಗೂ ಆಗಿಲ್ಲ. ಅವ್ವ ಅಳಲಿಲ್ಲ. ಅವನಿಗೆ ಉಣ್ಣಲು ಬಡಿಸಿದಳು.

ಮುಂದಿನ ಸುಗ್ಗಿಯಲ್ಲಿ ಗಾಳಿ ಎದ್ದಾಗ ಅವ್ವ ಎಂದಿನಂತೆ ತೂರಲು ಎತ್ತರದ ಮಣೆಯ ಮೇಲೆ ನಿಂತಳು. ನಾಲ್ಕು ಮೊರ ತೂರಿ, ಇಳಿದು ಒಡ್ಡಿನ ಹಿಂದಕ್ಕೆ ಹೋದಳು. ಬಹಳ ಹೊತ್ತು ಬರದಿದ್ದಾಗ ನಾನೂ ಹೋಗಿ ನೋಡಿದೆ. ಅಣ್ಣ ಕೂರುತ್ತಿದ್ದ ಜಾಗದಲ್ಲಿ ಹೊಟ್ಟು ಮೊಣಕಾಲುದ್ದ ಬಿದ್ದಿತ್ತು. ಅದರಲ್ಲಿ ಕೈಯಿಟ್ಟು ಕೂತಿದ್ದಳು.

"ಜನ್ಮಾ ಎಲ್ಲಾ ತೂರೇನಿ. ಗಾಳಿ ಹೊತ್ತದ್ದನ್ನ ಮರೆಗೇ ತಂದು ಸುರೀತೈತಿ ಅನ್ನೂದು ನನಗ ಗೊತ್ತಿತ್ತ, ಯವ್ವಾ. ಗೊತ್ತಿದ್ದೂ ಅವಗ ಅಲ್ಲೇ ಇರು ಅಂದೆ."

ಅವಳ ತಲೆಗೆ ಮೆತ್ತಿದ ಹೊಟ್ಟನ್ನು ಸೆರಗಿನಿಂದ ಕೊಡವಿದೆ.