ಗಡಹಿಂಗ್ಲಜಕ್ಕೆ ಕೇಳಿಸಿದ ಪಿಸುಮಾತು

ಬೇಸರ ಮಾಡ್ಕೋಬೇಡಿ ಗೆಳೆಯರೇ, ಈಗಷ್ಟೇ ಫೋನಿಗೆ ಸೇರಿಕೊಂಡವರಿಗಾಗಿ ಮತ್ತೆ ಮೊದಲಿನಿಂದ ಹೇಳುತ್ತೇನೆ. ನನ್ನ ಹ್ಯಾಮ್ ರೇಡಿಯೋದ ಫ್ಯಾನ್ ಗುರ್ ಅನ್ನುತ್ತಿತ್ತಲ್ಲ, ಇವತ್ತು ಕೆಳಗೆ ರಬ್ಬರ್, ಸುತ್ತ ಫೋಮ್ ಇಟ್ಟು ಅದರ ಬಾಯಿ ಮುಚ್ಚಿಸಿದೆ. ಆಮೇಲೆ ಮೈಕಿನ ಗುಂಡಿ ಒತ್ತಿ ಹಿಡಿದು ಗಡಹಿಂಗ್ಲಜದ ಗೆಳೆಯನ ಜೊತೆ ಮಾತಾಡುತ್ತಿದ್ದೆ. ಚಹಾ ತಂದ ಹೆಂಡತಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: “ದಿನಾ ಹರಟಿ ಹೊಡಿತಾನ, ಒಂದಿನಾರ ಊಟಕ್ಕ ಕರದಾನೇನ್ರೀ?”

ಇಚಲಕರಂಜಿಯ ಮಗ್ಗಗಳ ಗದ್ದಲದಲ್ಲೇ ದುಡಿದವಳ ಪಿಸುಮಾತು ಅದು, ಕೂಗಿದಂತೆಯೇ! ಇಷ್ಟು ದಿನ ಫ್ಯಾನಿನ ಸದ್ದು ಅದನ್ನು ಮುಚ್ಚಿಡುತ್ತಿತ್ತು. ಗಡಬಡಿಸಿ ಗುಂಡಿ ಬಿಟ್ಟೆ. ಸ್ನೇಹ ಮುಗಿಯಿತು ಅಂದುಕೊಂಡೆ. ಗೆಳೆಯ ನನ್ನವಳನ್ನು ಅತ್ತಿಗೆಯೆಂದೇ ಕರೆದು ಹೇಳಿದ: “ವೈನೀ, ಭಾಳ ಸ್ವಚ್ಛ ಕೇಳಿಸ್ತರಿ. ಐತವಾರ ಇಬ್ಬರೂ ಊಟಕ್ಕ ಬರ್ರಿ.”

ನಾಚಿ ಒಳಗೆ ಓಡಿದವಳು ಈಗ ಕೂಗುತ್ತಿದ್ದಾಳೆ: “ಏನ್ರೀ, ಅವರ ಮನಿಯಾಕಿಗೆ ಕುಪ್ಪಸದ ಖಣ ಒಯ್ಯಬೇಕು, ಬಜಾರಕ್ಕ ನಡೀರಿ!”

ಬಂದೆ, ಬಂದೆ! ಫೋನ್ ಇಡ್ತೀನ್ರಪಾ.