ಒಂದು ವೇಳೆ ಎಂದವಳು

ನನ್ನ ಅಕ್ಕ ನನ್ನನ್ನು ಒಂದು ಪ್ರಶ್ನೆ ಕೇಳಿದಳು. ಕೇಳಿದವಳು ಅಕ್ಕ ಎಂದು ನನಗೆ ಗೊತ್ತಿರಲಿಲ್ಲ. ಹತ್ತು ಜನರ ಎದುರು ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಟ್ಟು ಶಭಾಷ್ ಅನ್ನಿಸಿಕೊಂಡೆ. ಆ ತಪ್ಪನ್ನು ಒಪ್ಪಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ನಾಸ್ತಿಕನೊಬ್ಬ ಕೊನೆಗೆ ದೇವರಿಗೆ ಅಡ್ಡಬಿದ್ದ ಕಥೆ ಇದು ಎಂದುಕೊಂಡು ಕೂತವರು ಈಗಲೇ ಎದ್ದು ಹೋಗಬಹುದು. ನಾನು ಅಡ್ಡಬಿದ್ದಿಲ್ಲ, ಬೀಳುವುದೂ ಇಲ್ಲ.

ಮದ್ದೂರಿನಲ್ಲಿ ನನ್ನದೊಂದು ಸಣ್ಣ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವ ಕೆಲಸ. ನಾನು ಓದಿದ್ದು ಏಳನೇ ಕ್ಲಾಸು. ಅಕ್ಕ ಪಿಯುಸಿವರೆಗೆ ಓದಿದಳು, ಮಳವಳ್ಳಿಗೆ ಮದುವೆಯಾಗಿ ಹೋದಳು. ನನಗೆ ಅಕ್ಷರ ತಿದ್ದಿಸಿದ್ದು ಮೇಷ್ಟರಲ್ಲ, ಅವಳು. ಆದರೂ ಬೆರಳಿನಲ್ಲಿ ಕನ್ನಡ ಒತ್ತಿ ಬರೆಯುವುದು ನನಗೆ ಇವತ್ತಿಗೂ ಕಷ್ಟ. ಮೊಬೈಲಿನಲ್ಲಿ ಮೈಕಿನ ಗುರುತು ಒತ್ತಿ ಮಾತಾಡಿದರೆ ತಾನೇ ಅಕ್ಷರವಾಗುತ್ತದೆ ಎಂದು ಗಿರಾಕಿಯೊಬ್ಬರು ತೋರಿಸಿಕೊಟ್ಟ ದಿನದಿಂದ ನನ್ನನ್ನು ಹಿಡಿಯುವವರಿಲ್ಲದಂತಾಯಿತು. ಕೈ ತಂತಿ ಸುತ್ತುತ್ತಿರುತ್ತಿತ್ತು, ಬಾಯಿ ಜಗಳ ಆಡುತ್ತಿರುತ್ತಿತ್ತು.

ಜಗಳ ನಡೆಯುತ್ತಿದ್ದದ್ದು ದೇವರನ್ನು ನಂಬದವರು ಸೇರಿ ಮೊಬೈಲಿನಲ್ಲೇ ಮಾಡಿಕೊಂಡ ಒಂದು ಗುಂಪಿನಲ್ಲಿ. ಗುಂಪು ನಮ್ಮದೇ ಆದರೂ ನಂಬುವವರೂ ಬಂದು ಪ್ರಶ್ನೆ ಹಾಕುತ್ತಿದ್ದರು. ಅವರ ಪ್ರಶ್ನೆಗಳೆಲ್ಲ ಶುರುವಾಗುತ್ತಿದ್ದದ್ದು ಒಂದೇ ರೀತಿ. ಒಂದು ವೇಳೆ ದೇವರು ನಿಮ್ಮ ಎದುರು ಬಂದು ನಿಂತರೆ? ಒಂದು ವೇಳೆ ಸತ್ತ ಮೇಲೆ ಅವನು ಇರುವುದು ನಿಜ ಅಂತ ಗೊತ್ತಾದರೆ? ಒಂದು ವೇಳೆ ಬಸ್ಸು ಹೊಳೆಗೆ ಉರುಳುವಾಗ ಬಾಯಲ್ಲಿ ಅವನ ಹೆಸರೇ ಬಂದರೆ? ಇಂಥದ್ದಕ್ಕೆ ನಮ್ಮಲ್ಲಿ ಒಬ್ಬೊಬ್ಬರದು ಒಂದೊಂದು ವರಸೆ. ಮಂಡ್ಯದ ನಿವೃತ್ತ ಮೇಷ್ಟರೊಬ್ಬರು ಪ್ರಶ್ನೆಯನ್ನೇ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಇಲ್ಲದ ಎಮ್ಮೆ ಎಷ್ಟು ಹಾಲು ಕೊಟ್ಟೀತು ಎಂದು ಕೇಳಿದರೆ ನಾನು ಏನು ಹೇಳಲಿ ಎಂದು ಬರೆದು ಸುಮ್ಮನಾಗುತ್ತಿದ್ದರು. ಇನ್ನು ಕೆಲವರು ಪ್ರಶ್ನೆಯನ್ನೇ ತಿರುಗಿಸಿ ಎಸೆಯುತ್ತಿದ್ದರು: ಒಂದು ವೇಳೆ ಬೇರೆಯವರ ದೇವರೇ ನಿಜವಾಗಿ, ನಿಮ್ಮದು ಸುಳ್ಳಾದರೆ ನೀವೇನು ಮಾಡುತ್ತೀರಿ?

ನಾನು ಹಾಗಲ್ಲ. ನೇರವಾಗಿ ಉತ್ತರ ಕೊಡುತ್ತಿದ್ದೆ. ದೇವರು ಎದುರು ಬಂದರೆ ಏನು ಕೇಳುತ್ತೀಯ ಎಂದವನಿಗೆ ಹೇಳಿದ್ದೆ: ನಮ್ಮಪ್ಪ ಗುಡಿಯ ಮೆಟ್ಟಿಲ ಕೆಳಗೆ ಬಿಸಿಲಲ್ಲಿ ನಿಂತಿರುತ್ತಿದ್ದ, ಪೂಜಾರಿ ಮೇಲಿನ ಮೆಟ್ಟಿಲಲ್ಲೇ ನಿಂತು ಮುಟ್ಟಿಸಿಕೊಳ್ಳದ ಹಾಗೆ ಅವನ ಬೊಗಸೆಗೆ ತೀರ್ಥ ಹುಯ್ಯುತ್ತಿದ್ದ, ಅರ್ಧ ನೆಲಕ್ಕೆ ಹೋಗುತ್ತಿತ್ತು. ಒಳಗೆ ಕೂತು ಅದನ್ನು ನೋಡುತ್ತಿದ್ದೆಯಲ್ಲ, ನಿನಗೆ ಏನೂ ಅನ್ನಿಸಲಿಲ್ಲವಾ ಅಂತ ಕೇಳುತ್ತೇನೆ. ಆ ಉತ್ತರ ನಮ್ಮ ಗುಂಪು ದಾಟಿ ಎಲ್ಲೆಲ್ಲಿಗೋ ಹೋಯಿತು. ಅದರಲ್ಲಿ ಒಂದಕ್ಷರವನ್ನೂ ನಾನು ವಾಪಸು ತೆಗೆದುಕೊಳ್ಳುವುದಿಲ್ಲ. ಆದರೆ ಅಲ್ಲಿಂದಾಚೆಗೆ ನನಗೊಂದು ಚಟ ಅಂಟಿತು. ಯಾರಾದರೂ ‘ಒಂದು ವೇಳೆ’ ಅಂದ ಕೂಡಲೇ ಅದನ್ನು ಕೇಳಿದವರು ಯಾರು, ಯಾಕೆ ಕೇಳಿದರು ಎಂದು ಯೋಚಿಸದೆ, ಇದಕ್ಕೆ ಎಷ್ಟು ಜೋರಾಗಿ ಬಾರಿಸಬಹುದು ಎಂದು ಲೆಕ್ಕ ಹಾಕುತ್ತಿದ್ದೆ.

ಅವರೆಕಾಯಿ ಬರುವ ಕಾಲ. ಮಧ್ಯಾಹ್ನ ಕರೆಂಟು ಹೋಗಿತ್ತು, ನಾನು ಅಂಗಡಿಯಲ್ಲಿ ಸುಮ್ಮನೆ ಕೂತಿದ್ದೆ. ಹೆಸರು, ನಂಬರು ಕಾಣಿಸದ ಹಾಗೆ ಬರೀ ಕನಕಾಂಬರ ಹೂವಿನ ಪಟ ಹಾಕಿಕೊಂಡಿದ್ದ ಯಾರೋ ಒಬ್ಬರು, ಗುಂಪಿಗೆ ಹೊಸಬರು, ನನ್ನ ಹೆಸರು ಹಿಡಿದೇ ಪ್ರಶ್ನೆ ಹಾಕಿದರು. ‘ಒಂದು ವೇಳೆ ದೇವರು ಇದ್ದು, ನಿಮ್ಮ ಮನೆಯವರೊಬ್ಬರು ಸಾಯುವ ಹಾಗಿದ್ದು, ನೀವು ಒಂದೇ ಒಂದು ಸಲ ಕೈ ಮುಗಿದರೆ ಉಳಿಯುತ್ತಾರೆ ಅನ್ನುವುದಾದರೆ, ಮುಗಿಯುತ್ತೀರಾ?’

ನಾನು ಮೈಕು ಒತ್ತಿದೆ. ಮುಗಿಯುವುದಿಲ್ಲ ಎಂದೆ. ಒಂದು ಜೀವವನ್ನು ಕತ್ತು ಹಿಡಿದು ನಿಲ್ಲಿಸಿಕೊಂಡು, ಕೈ ಮುಗಿದರೆ ಬಿಡುತ್ತೇನೆ ಅನ್ನುವವನನ್ನು ನಮ್ಮೂರಲ್ಲಿ ದೇವರು ಅನ್ನುವುದಿಲ್ಲ, ರೌಡಿ ಅನ್ನುತ್ತಾರೆ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕೊನೆಗೊಂದು ಏಟು ಇರದಿದ್ದರೆ ಜನಕ್ಕೆ ರುಚಿಸುವುದಿಲ್ಲ ಎಂಬುದು ನನಗೆ ಅಷ್ಟರಲ್ಲಿ ಗೊತ್ತಾಗಿತ್ತು. ‘ಸಾಯೋರು ಸಾಯ್ಲಿ, ಅದಕ್ಕೋಸ್ಕರ ನಾನು ಬಗ್ಗಲ್ಲ’ ಎಂದು ಸೇರಿಸಿದೆ.

ಕರೆಂಟು ಬರುವಷ್ಟರಲ್ಲಿ ಗುಂಪಿನಲ್ಲಿ ಶಿಳ್ಳೆಯೋ ಶಿಳ್ಳೆ. ಮೇಷ್ಟರು ಕೂಡ ಮೆಚ್ಚಿಗೆಗೆ ಹೆಬ್ಬೆರಳಿನ ಗುರುತು ಒತ್ತಿದ್ದರು. ಕನಕಾಂಬರದವರು ‘ಸರಿ’ ಎಂದಷ್ಟೇ ಬರೆದು ಗುಂಪಿನಿಂದ ಹೊರಗೆ ಹೋದರು. ಸೋತು ಓಡಿದರು ಎಂದು ನಾನು ನಕ್ಕೆ.

ಒಂದು ತಿಂಗಳಾಗಿರಬೇಕು. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವುದಕ್ಕೂ ಭಾವ, ಅಂದರೆ ಅಕ್ಕನ ಗಂಡ, ಬಸ್ಸಿಳಿದು ಬರುವುದಕ್ಕೂ ಸರಿಹೋಯಿತು. ಮೋಟಾರು ಸುಟ್ಟುಹೋಗಿದೆ ಎಂದುಕೊಂಡು ಸ್ಟೂಲು ಎಳೆದು ಹಾಕಿದೆ. ಅವರು ಕೂರಲಿಲ್ಲ.

‘ನಿಮ್ಮಕ್ಕಂಗೆ ಆಪರೇಸನ್ ಆಯ್ತು ಕಣಪ್ಪ. ಇವತ್ತಿಗೆ ಒಂಬತ್ತು ದಿನ. ಎದೇಲಿ ಗಂಟಿತ್ತು. ಒಂದ್ ಕಡೇದು ತೆಗುದ್ಬುಟ್ರು.’

ನನಗೆ ಯಾಕೆ ಹೇಳಲಿಲ್ಲ ಎಂದು ಕೂಗಾಡಿದೆ. ಮಂಡ್ಯದ ಆಸ್ಪತ್ರೆಗೆ ಹೋಗುವಾಗ ನನ್ನ ಅಂಗಡಿಯ ಮುಂದೆಯೇ ಕಾರು ಹೋಗಿದೆ. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು.

‘ಅವ್ಳೇ ಬ್ಯಾಡ ಅಂದ್ಲು. ಅವ್ನಿಗೇನಾರ ಯೋಳುದ್ರೆ ನಾ ಆಸ್ಪತ್ರೆಗೇ ಬರಕಿಲ್ಲ ಅಂತ ಅಟ ಇಡುದ್ಲು. ಏನ್ ಜಗ್ಳ ಆಡ್ಕಂಡ್ರಪ್ಪ ಇಬ್ರೂವೆ?’

ಜಗಳವೇ ಆಡಿಲ್ಲ ಎಂದು ನಾನು ಆಣೆ ಮಾಡುವ ಹಾಗೆ ಹೇಳಿದೆ. ಅಂಗಡಿ ಮುಚ್ಚಿ ಅವರ ಜೊತೆಯಲ್ಲೇ ಮಳವಳ್ಳಿ ಬಸ್ಸು ಹತ್ತಿದೆ.

ಅಕ್ಕ ನಡುಮನೆಯಲ್ಲಿ ಗೋಡೆಗೆ ದಿಂಬು ಕೊಟ್ಟು ಕೂತಿದ್ದಳು. ಮುಂದೆ ಮೊರದಲ್ಲಿ ಅವರೆಕಾಯಿ. ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಬಲಗೈ ಒಂದರಲ್ಲೇ ಸುಲಿಯುತ್ತಿದ್ದಳು. ಸೆರಗನ್ನು ಎರಡು ಸುತ್ತು ಹೊದ್ದಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ.

‘ಬಂದ್ಯಾ. ಸಾಯೋರು ಸಾಯ್ಲಿ ಅಂದಿದ್ದೆ. ನಾ ಸಾಯ್ನಿಲ್ಲ ನೋಡ್ಲಾ.’

ಅದು ನನ್ನದೇ ಮಾತು ಎಂದು ತಿಳಿಯಲು ಒಂದು ಗಳಿಗೆ ಹಿಡಿಯಿತು. ಅವಳು ಪಕ್ಕದಲ್ಲಿದ್ದ ಮೊಬೈಲನ್ನು ನನ್ನ ಕಡೆಗೆ ತಳ್ಳಿದಳು. ಕನಕಾಂಬರದ ಪಟ. ಅವರ ಹಿತ್ತಲಿನದೇ ಗಿಡ. ಎಷ್ಟು ಸಲ ಆ ಗಿಡದ ಪಕ್ಕ ನಿಂತು ನಾನು ಕೈ ತೊಳೆದಿದ್ದೇನೋ.

ನನ್ನನ್ನೇ ನೇರವಾಗಿ ಕೇಳಬಹುದಿತ್ತಲ್ಲ ಎಂದೆ.

‘ಏನಂತ ಕೇಳ್ಲಿ? ಎದೇಲಿ ಗಂಟಾಗದೆ ಅಂತ ತಮ್ಮನ್ ತಾವ ಯೆಂಗ್ಲಾ ಯೋಳ್ಲಿ? ಅದ್ಕೇ ಒಂದು ವೇಳೆ ಅಂದೆ. ನೀ ಕೈ ಮುಗೀಲಿ ಅಂತ ಕೇಳ್ನಿಲ್ಲ ಕಣ್ಲಾ. ನಾ ವೋದ್ರೆ ನಿಂಗೆ ಒಸಿ ಬ್ಯಾಸ್ರ ಆಯ್ತದಾ ಅಂತ ನೋಡ್ದೆ.’

ನಮ್ಮ ಕಡೆ ಹೆಣ್ಣುಮಕ್ಕಳು ಒಡಹುಟ್ಟಿದ ಗಂಡಸಿನ ಎದುರು ಮೈಯ ಮಾತು ಆಡುವುದಿಲ್ಲ. ಮುಟ್ಟು, ಬಸಿರು, ಎದೆ ಯಾವುದೂ ನಮ್ಮ ಕಿವಿಗೆ ಬೀಳುವುದಿಲ್ಲ; ಬಿದ್ದರೂ ನಾವು ಎದ್ದು ಆಚೆಗೆ ಹೋಗುತ್ತೇವೆ. ಹೆದರಿಕೆಯಾದಾಗ ಅವಳಿಗೆ ನನ್ನ ಹತ್ತಿರ ಬರಲು ಇದ್ದದ್ದು ಅದೊಂದೇ ದಾರಿ. ಹೆಸರು ಮರೆಸಿಕೊಂಡು, ಹೂವಿನ ಪಟ ಹಾಕಿಕೊಂಡು, ದೇವರನ್ನು ಅಡ್ಡ ಇಟ್ಟುಕೊಂಡು ಬಂದಿದ್ದಳು. ನಾನು ದೇವರಿಗೆ ಅಂತ ಬೀಸಿದ್ದು ಅವಳಿಗೆ ಬಿತ್ತು.

ತಪ್ಪಾಯಿತು ಎಂದೆ.

‘ಯಾವ್ದು? ದೇವ್ರಿಲ್ಲ ಅಂದಿದ್ದಾ?’

‘ಅದಲ್ಲ ಕಣಕ್ಕ. ಸಾಯ್ಲಿ ಅಂದಿದ್ದು.’

ಅವಳು ಈಗ ಕೈ ನಿಲ್ಲಿಸಿದಳು. ‘ಸರಿ, ಈಗ ಗೊತ್ತಾಯ್ತಲ್ಲ, ನಾನೇ ಅಂತ. ಈಗ ಕೇಳ್ತೀನಿ. ಮುಗೀತೀಯಾ?’

ಹೂಂ ಅನ್ನಲು ಬಾಯಿ ತೆಗೆದೆ. ಬಂದದ್ದು ‘ಇಲ್ಲ’.

ಬಾಗಿಲಲ್ಲಿ ನಿಂತಿದ್ದ ಭಾವ ತಲೆ ಚಚ್ಚಿಕೊಂಡರು. ‘ಬಾಯ್ ಮಾತ್ಗಾರ ಊಂ ಅನ್ನಬಾರ್ದೇನಪ್ಪ, ನಿನ್ ಗಂಟೇನ್ ವೋಯ್ತಿತ್ತು?’

ಅಕ್ಕ ನಕ್ಕಳು. ನಕ್ಕರೆ ಹೊಲಿಗೆ ಎಳೆಯುತ್ತದೆ ಎಂದು ಎದೆಗೆ ದಿಂಬು ಒತ್ತಿ ಹಿಡಿದುಕೊಂಡು ನಕ್ಕಳು. ಊಂ ಅಂದಿದ್ದರೆ ಮೊರ ತೆಗೆದು ಬೀಸುತ್ತಿದ್ದೆ ಎಂದಳು. ಅದು ಕ್ಷಮೆ ಅಲ್ಲ ಎಂದು ನನಗೆ ಗೊತ್ತಿತ್ತು. ಆಮೇಲೆ ನಾನು ಗಾಯ ಹೇಗಿದೆ, ಡಾಕ್ಟರು ಏನಂದರು ಎಂದು ಏನು ಕೇಳಿದರೂ ‘ಚೆನ್ನಾಗದೆ’ ಎಂಬ ಒಂದೇ ಮಾತು. ಊರವರಿಗೆ ಹೇಳುವ ಉತ್ತರವನ್ನೇ ನನಗೂ ಕೊಟ್ಟಳು. ಇನ್ನು ಮುಂದೆ ಇವಳು ನನಗೆ ಏನನ್ನೂ ಹೇಳುವುದಿಲ್ಲವೇನೋ ಎಂಬ ಹೆದರಿಕೆ ಅವತ್ತು ಹುಟ್ಟಿತು.

ವಾಪಸು ಬರುವಾಗ ಬಸ್ಸಿನಲ್ಲೇ ಗುಂಪಿಗೆ ಬರೆದೆ. ಸುತ್ತ ಜನ ಇದ್ದರು, ಮೈಕಿನಲ್ಲಿ ಹೇಳಲಾಗಲಿಲ್ಲ. ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ, ಅರ್ಧ ದಾರಿಯ ಕೆ.ಎಂ.ದೊಡ್ಡಿ ದಾಟುವವರೆಗೂ ಬೇಕಾಯಿತು. ಆ ದಿನ ಕೊಟ್ಟ ಉತ್ತರದ ಕೊನೆಯ ಸಾಲನ್ನು ವಾಪಸು ತೆಗೆದುಕೊಂಡಿದ್ದೇನೆ, ಕೇಳಿದವರು ನನ್ನ ಮನೆಯವರೇ, ಅವರಿಗೆ ಕಾಯಿಲೆ ಎಂದು. ಅಷ್ಟೇ. ಯಾವ ಕಾಯಿಲೆ ಎನ್ನುವ ಹಕ್ಕು ನನಗಿರಲಿಲ್ಲ.

ನಂಬುವವರು ಹಬ್ಬ ಮಾಡಿದರು. ನೋಡಿ, ದೇವರು ಹೇಗೆ ಬುದ್ಧಿ ಕಲಿಸಿದ ಎಂದರು. ನನಗೆ ಬುದ್ಧಿ ಕಲಿಸಲು ನನ್ನ ಮನೆಯವರ ಮೈಗೆ ಚಾಕು ಹಾಕಿಸುವವನಾದರೆ, ಅವನು ರೌಡಿ ಎಂದು ನಾನು ಮೊದಲು ಹೇಳಿದ ಮಾತೇ ಸರಿ ಎಂದು ಉತ್ತರ ಕೊಟ್ಟೆ. ಒಬ್ಬರು ಬಿಡಲಿಲ್ಲ: ಒಂದು ವೇಳೆ ನಿಮ್ಮ ಮನೆಯವರು ಉಳಿದದ್ದು ಅವರು ಹೊತ್ತ ಹರಕೆಯಿಂದಲೇ ಆಗಿದ್ದರೆ? ಆಪರೇಷನ್ ಮಾಡಿದ ಡಾಕ್ಟರಮ್ಮನಿಗೆ, ರಾತ್ರಿ ಬಟ್ಟೆ ಬದಲಿಸಿದ ನರ್ಸಿಗೆ ಮೊದಲು ಕೈ ಮುಗಿದು ಬಾ, ಆಮೇಲೆ ಮಿಕ್ಕಿದ್ದು ಮಾತಾಡೋಣ ಎಂದೆ. ನಮ್ಮವರಲ್ಲೇ ಕೆಲವರು ಮುನಿಸಿಕೊಂಡರು. ಒಂದು ಸಾಲು ಹಿಂದೆ ತೆಗೆದರೆ ಎಲ್ಲ ಹಿಂದೆ ತೆಗೆದ ಹಾಗೆ, ಎದುರಿನವರಿಗೆ ಸಲಿಗೆ ಕೊಟ್ಟ ಹಾಗೆ ಎಂದರು. ಅವರಿಗೂ ಜಗ್ಗಲಿಲ್ಲ. ದೇವರಿಲ್ಲ ಅನ್ನಲು ಯಾರನ್ನೂ ಸಾಯಲಿ ಅನ್ನಬೇಕಾಗಿಲ್ಲ ಎಂದು ಬರೆದೆ. ಮೇಷ್ಟರು ಮಾತ್ರ ಫೋನು ಮಾಡಿ, ನಾನೂ ಹೆಬ್ಬೆರಳು ಒತ್ತಿದ್ದೆನಲ್ಲಯ್ಯ ಎಂದರು.

ಜನವರಿ ಕೊನೆಗೆ ಅಕ್ಕ ಫೋನು ಮಾಡಿದಳು. ಕೀಮೋ ಅಂತ ಔಷಧಿ ಏರಿಸುತ್ತಾರಂತೆ, ಕೂದಲು ಉದುರುತ್ತದಂತೆ. ಉದುರಿ ತಿಪ್ಪೆ ಸೇರುವ ಬದಲು ಮುತ್ತತ್ತಿಗೆ ಹೋಗಿ ಆಂಜನೇಯನಿಗೆ ಮುಡಿ ಕೊಟ್ಟುಬಿಡುತ್ತೇನೆ ಎಂದಳು. ಭಾವನಿಗೆ ಸಕ್ಕರೆ ಕಾರ್ಖಾನೆಯಿಂದ ಕಬ್ಬು ಕಡಿಯುವ ಸರದಿ ಬಂದಿತ್ತು. ಜೊತೆಗೆ ನಾನು ಹೋಗಬೇಕು.

ಒಳಗೆ ಬರುವುದಿಲ್ಲ, ಕೈ ಮುಗಿಯುವುದಿಲ್ಲ ಎಂದು ಮೊದಲೇ ಹೇಳಿದೆ.

‘ನಿನ್ ಕೈ ಯಾವನ್ಗೆ ಬೇಕ್ಲಾ. ತಲೆ ಸುತ್ತುದ್ರೆ ಇಡ್ಕಳಕ್ಕೆ ಒಬ್ಬ ಬೇಕು.’

ಮುತ್ತತ್ತಿ ಅವಳಿಗೆ ಯಾಕೆ ಇಷ್ಟ ಎಂದು ನನಗೆ ಗೊತ್ತು. ನಮ್ಮೂರ ಗುಡಿಯ ಹಾಗಲ್ಲ ಅಲ್ಲಿ. ಹೊಳೆ ದಂಡೆಯಲ್ಲಿ ಒಲೆ ಹೂಡಿ ಅನ್ನ ಸಾರು ಮಾಡಿಕೊಂಡು ಉಣ್ಣುವ ಜನದ ನಡುವೆ ನೀನು ಯಾರವಳು ಎಂದು ಅವಳನ್ನು ಯಾರೂ ಕೇಳಿಲ್ಲ. ಚಿಕ್ಕವಳಿದ್ದಾಗ ಅಪ್ಪನ ಕೈ ಹಿಡಿದುಕೊಂಡು ಸೀದಾ ಒಳಗೆ ಹೋಗಿದ್ದಳಂತೆ. ಅಪ್ಪ ಆಚೆ ಬಂದು ಅತ್ತನಂತೆ. ನಾನಿನ್ನೂ ಹುಟ್ಟಿರಲಿಲ್ಲ.

ಮುಡಿ ತೆಗೆಯುವವನ ಜೊತೆ ನಾನು ಬ್ಲೇಡಿಗೆ ಜಗಳ ತೆಗೆದೆ. ಗಾಯವಾದರೆ ಕೀವಾಗುತ್ತದೆ, ನನ್ನ ಕಣ್ಣೆದುರಿಗೇ ಹೊಸ ಬ್ಲೇಡು ಹಾಕಬೇಕು ಎಂದೆ. ಇಲ್ಲೂ ಮೋಟಾರು ರಿಪೇರಿ ಬುದ್ಧಿ ಬಿಡಲ್ಲ ಎಂದು ಅಕ್ಕ ಅವನ ಎದುರಿಗೇ ಬೈದಳು. ಕೂದಲು ತೊಡೆಯ ಮೇಲೆ ಬೀಳುತ್ತಿರುವಾಗ ಕಣ್ಣು ಮುಚ್ಚಿಕೊಂಡಿದ್ದಳು. ಹೊಳೆಗೆ ಇಳಿಯಲು ನಾನು ಬಿಡಲಿಲ್ಲ. ಎದೆಯ ಗಾಯಕ್ಕೆ ನೀರು ಇಳಿಯದ ಹಾಗೆ ಕತ್ತಿಗೆ ಟವೆಲ್ಲು ಸುತ್ತಿ, ಬಗ್ಗಿಸಿ ಕೂರಿಸಿ, ಮನೆಯಲ್ಲಿ ಕಾಯಿಸಿ ಆರಿಸಿ ತಂದಿದ್ದ ನೀರನ್ನು ತಲೆಗೆ ಹುಯ್ದೆ. ಬೋಳುತಲೆ ಅಂಗೈಗೆ ತಣ್ಣಗೆ ತಾಕಿತು. ಅವಳು ಒಳಗೆ ಹೋದಳು. ನಾನು ಚಪ್ಪಲಿ, ಚೀಲ ಹಿಡಿದುಕೊಂಡು ಹೊರಗೆ ನಿಂತೆ. ಎದೆ ಸೆಟೆದುಕೊಂಡೇ ನಿಂತೆ.

ಅವಳು ಬಂದು ಮರದ ಬುಡದಲ್ಲಿ ನನ್ನ ಪಕ್ಕ ಕೂತಳು. ಸೆರಗಿನ ತುದಿಯಿಂದ ತಲೆ ಒರೆಸಿಕೊಳ್ಳುತ್ತ, ಹೊಳೆಯ ಕಡೆಗೆ ನೋಡುತ್ತ ಹೇಳಿದಳು.

‘ಕಾಯ್ಲೆ ಕಂಕುಳ್ಗೂ ಬಂದದಂತೆ ಕಣ್ಲಾ. ಅಲ್ಲಿಂದ ತೆಗ್ದು ಟೆಸ್ಟ್ ಮಾಡುದ್ರಲ್ಲ, ಅದ್ರಲ್ಲೂ ಸಿಕ್ತಂತೆ. ರಿಪೋರ್ಟು ಇಂಗ್ಲೀಸ್ನಲ್ಲಿ ಅದೆ, ನಿಮ್ ಭಾವಂಗೆ ಓದಕ್ಕೆ ಬರಕಿಲ್ಲ. ಯಾರ್‌ಗೂ ಯೋಳಿಲ್ಲ. ನಿಂಗೇ ಮೊದ್ಲು.’

ಎಡಗೈಯನ್ನು ಆದಷ್ಟು ಎತ್ತಿ, ಎಲ್ಲಿ ಎಂದು ಬೆರಳಿಟ್ಟು ತೋರಿಸಿದಳು. ನಾನು ಆಚೆಗೆ ತಿರುಗಲಿಲ್ಲ. ನೋಯುತ್ತದಾ ಎಂದು ಕೇಳಿದೆ. ಬೆಳಗಿನ ಹೊತ್ತು ಜಾಸ್ತಿ ಎಂದಳು. ಎಷ್ಟು ದಿನದಿಂದ ನೋವು, ಡಾಕ್ಟರಮ್ಮನನ್ನು ಏನೇನು ಕೇಳಬೇಕು ಎಂದು ಅವಳ ಕೈಲೇ ಚೀಟಿ ಬರೆಸಿದೆ. ಅವಳ ಅಕ್ಷರ ಈಗಲೂ ನನ್ನದಕ್ಕಿಂತ ದುಂಡಗಿದೆ. ಸೋಮವಾರ ಅಂಗಡಿ ತೆಗೆಯುವುದಿಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋಗಲು ಬೆಳಿಗ್ಗೆ ಏಳಕ್ಕೆ ಬರುತ್ತೇನೆ, ಭಾವನಿಗೆ ನಾನೇ ಹೇಳುತ್ತೇನೆ ಎಂದೆ. ಅವಳು ಹೂಂ ಎಂದು, ಚೀಟಿಯನ್ನು ಮಡಿಸಿ ನನ್ನ ಜೇಬಿಗೆ ತುರುಕಿದಳು.