ಮಾವನ ತೋಟಾ ತುಂಡಾದದ್ದು ಯಾಕೆ

ತೊಂಬತ್ತರ ದಶಕದ ಕೊನೆ. ಮದುವೆಯಾದ ಹೊಸತರಲ್ಲಿ ವನಗೂರಿನ ಮಾವನ ಮನೆಗೆ ಹೋದಾಗಲೆಲ್ಲ ಕಾಫಿಗಿಂತ ಮೊದಲು ನನಗೆ ರೈಫಲ್ಲಿನ ದರ್ಶನವಾಗುತ್ತಿತ್ತು. ಅದು ಅವರ ತಂದೆಯದು. ಅದಕ್ಕೆ ಹೊಂದುವ ತೋಟಾ ಹಾಸನದ ಅಂಗಡಿಯಲ್ಲೂ ಅಪರೂಪ. ಹಾಗಾಗಿ ಮಾವ ಹಾರಿಸಿದ ತೋಟಾದ ಹಿತ್ತಾಳೆ ಚಿಪ್ಪನ್ನು ಹುಲ್ಲಿನಲ್ಲಿ ತಡಕಿ ತಂದು, ಹುಣಸೆಹುಳಿ ಹಚ್ಚಿ ತಿಕ್ಕಿ, ತಾವೇ ಮತ್ತೆ ಮದ್ದು ತುಂಬುತ್ತಿದ್ದರು. ಕೆಲವು ಚಿಪ್ಪುಗಳು ನನ್ನ ಹೆಂಡತಿಗಿಂತ ಹಿರಿಯವು.

ನಾನು ಕೆ. ಹೊಸಕೋಟೆ ಕಡೆಯವನು, ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ನಮ್ಮ ಮನೆಯಲ್ಲಿ ಕೋವಿ ಇರಲಿಲ್ಲವಾದ್ದರಿಂದ ಮಾವ ಹೇಳಿದ್ದನ್ನೆಲ್ಲ ನಂಬುತ್ತಿದ್ದೆ.

ಒಂದು ಸಂಜೆ ಕೆಳಗಿನ ಗದ್ದೆಗೆ ಹಂದಿ ಇಳಿಯಿತು. ಮಾವ ಪಕ್ಕದ ಎಸ್ಟೇಟಿನ ಇಬ್ಬರು ಗೆಳೆಯರನ್ನೂ ನನ್ನನ್ನೂ ಬದುವಿನ ಮೇಲೆ ನಿಲ್ಲಿಸಿ, ಹಂದಿ ಎಲ್ಲಿ ಬೀಳುತ್ತದೆಂದು ಮೊದಲೇ ತೋರಿಸಿ, ರೈಫಲ್ಲಿನ ಕುದುರೆ ಒತ್ತಿದರು. ಸದ್ದಿನೊಂದಿಗೆ ಹೊಗೆ ಅವರ ಮುಖಕ್ಕೇ ನುಗ್ಗಿತು. ಹಂದಿ ಒಮ್ಮೆ ತಲೆಯೆತ್ತಿ ನೋಡಿ ಮೇಯುವುದನ್ನು ಮುಂದುವರಿಸಿತು. ಮಾವನ ಒಂದು ಹುಬ್ಬು ಸುಟ್ಟಿತ್ತು. ಚಿಪ್ಪು ಎಳೆದರೆ ಹಿಂದಿನ ತುಂಡು ಮಾತ್ರ ಬಂತು. ಮುಂದಿನದು ನಳಿಗೆಯೊಳಗೇ ಕಚ್ಚಿಕೊಂಡಿತ್ತು.

ಜಗಲಿಯಲ್ಲಿ ವಿಚಾರಣೆ ಶುರುವಾಯಿತು. ಒಬ್ಬ ಗೆಳೆಯರು ಮಂಜಿನ ತೇವ ಎಂದರು. ಇನ್ನೊಬ್ಬರು ಈಗಿನ ಮದ್ದೇ ಕಲಬೆರಕೆ ಎಂದರು. ಅತ್ತೆ ತೋಟಾ ಡಬ್ಬವನ್ನು ಒಲೆಯ ಹತ್ತಿರ ಇಟ್ಟಿರಬೇಕೆಂದು ಮಾವ ಹೇಳಿದರು. ಹುಬ್ಬಿಗೆ ಬೆಣ್ಣೆ ಹಚ್ಚುತ್ತಿದ್ದ ಅತ್ತೆ, "ನಾನು ಆ ಡಬ್ಬ ಮುಟ್ಟಿದ್ರೆ ತಾನೆ? ಹೋದ್ಸಲ ತಪ್ಪನ್ನ ಬೆಕ್ಕಿನ ಮೇಲೆ ಹಾಕಿದ್ರಿ," ಎಂದರು.

ಕೊನೆಗೆ ಮಾವ ನನ್ನತ್ತ ತಿರುಗಿದರು. "ನೀವು ಓದಿರೋರು. ಮದ್ದಿಂದೇ ತಪ್ಪು ಅಲ್ವಾ?"

ನಾನು ಡಬ್ಬದ ಉಳಿದ ಚಿಪ್ಪುಗಳನ್ನು ದೀಪಕ್ಕೆ ಹಿಡಿದು ನೋಡಿದೆ. ಹಲವಕ್ಕೆ ಬುಡದಿಂದ ತುಸು ಮೇಲೆ, ಆ ಚಿಪ್ಪು ತುಂಡಾದ ಜಾಗದಲ್ಲೇ, ಹೊಳೆಯುವ ಗೆರೆಯೊಂದು ಸುತ್ತಿಕೊಂಡಿತ್ತು. ಹಾರಿಸಿದಾಗಲೆಲ್ಲ ಹಿತ್ತಾಳೆ ಹಿಗ್ಗಿ ಹಿಗ್ಗಿ ಅಲ್ಲಿ ಸವೆದಿದೆ, ಮುಂದಿನ ಸಲ ಇವೂ ಹರಿಯುತ್ತವೆ, ಎಲ್ಲ ಬಿಸಾಕಬೇಕು ಎಂದೆ.

"ನಮ್ಮಪ್ಪ ಮುಟ್ಟಿದ್ದು ಕಣ್ರೀ ಇವು," ಎಂದರು ಮಾವ. ಗೆಳೆಯರಿಬ್ಬರೂ ನನ್ನನ್ನು ಮನೆಮುರುಕನಂತೆ ನೋಡಿದರು. ನನಗೆ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಮಾವ ಸುಟ್ಟ ಹುಬ್ಬನ್ನು ಮುಟ್ಟಿ ನೋಡಿಕೊಂಡು, ಡಬ್ಬವನ್ನು ತಾವೇ ಮುಚ್ಚಿ ಪಕ್ಕಕ್ಕೆ ಸರಿಸಿದರು. ಕಣ್ಣು ಉಳಿದದ್ದೇ ದೊಡ್ಡದೆಂದು ಅವರಿಗೂ ಗೊತ್ತಾಗಿತ್ತು.

ಹಾಸನದ ಕೋವಿ ರಿಪೇರಿಯವರು ತುಂಡನ್ನು ತೆಗೆದುಕೊಟ್ಟರು. ಮಾವ ಹಳೆಯ ಚಿಪ್ಪುಗಳನ್ನು ಅವರಲ್ಲೇ ಬಿಟ್ಟು, ಹೇಗೋ ಹೊಂದಿಸಿ ಹೊಸ ತೋಟಾ ತಂದರು. ಅಷ್ಟು ಚೆಂದದ ತೋಟಾವನ್ನು ಹಂದಿಗೆ ದಂಡ ಮಾಡಲು ಮಾತ್ರ ಮನಸ್ಸು ಬರಲಿಲ್ಲ. ಅವು ಗಾಜಿನ ಬೀರು ಸೇರಿದವು. ಹಂದಿ ಬಂದರೆ ಮಾವ ಬದುವಿನ ಮೇಲೆ ನಿಂತು ಖಾಲಿ ಡಬ್ಬ ಬಡಿದು ಓಡಿಸತೊಡಗಿದರು.

ಬಂದವರಿಗೆಲ್ಲ ಹೇಳುತ್ತಿದ್ದರು: "ಹಿತ್ತಾಳೆ ಸರಿ ಇರ್ಲಿಲ್ಲ, ಗುರಿ ಸರಿಯಾಗೇ ಇತ್ತು. ನಮ್ಮ ಅಳಿಯಂದ್ರೇ ಪರೀಕ್ಷೆ ಮಾಡಿ ಹೇಳವ್ರೆ."

ಗುರಿಯ ಬಗ್ಗೆ ನಾನು ಏನೂ ಹೇಳಿರಲಿಲ್ಲ. ಆದರೂ ತಲೆಯಾಡಿಸುತ್ತಿದ್ದೆ.